ನಂಬಲೂ ಆಗದ, ಬಿಡಲೂ ಆಗದ ಡ್ರೂಯಿಡ್: ಮನೆಯವರ ಸಮೇತ ಕಟ್ಟುವ ಬಗೆ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂದರೆ ಟೇಬಲಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕತೆ ಕಟ್ಟುವ ಆಟ. ಅದರಲ್ಲಿ ಡ್ರೂಯಿಡ್ ಎಂದರೆ ಪ್ರಕೃತಿಯ ಮಂತ್ರ ಬಲ್ಲ ಪಾತ್ರ. "ಸ್ವಲ್ಪ ಕರಾಳ ಡ್ರೂಯಿಡ್ ಒಂದು ಮಾಡ್ತೇನೆ" ಎಂದು ಯಾರಾದರೂ ಹೇಳಿದರೆ ಟೇಬಲಿಗೆ ಏನು ಬರುತ್ತದೆಂದು ಊಹಿಸುವುದು ಕಷ್ಟವಲ್ಲ. ಕುತ್ತಿಗೆಯಲ್ಲಿ ಎಲುಬಿನ ಸರ, ಬೆನ್ನ ಹಿಂದೆ ಕಪ್ಪು ತೋಳ, ಸುಟ್ಟುಹೋದ ಊರು, ಸತ್ತುಹೋದ ಅಪ್ಪ ಅಮ್ಮ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಮನೆಯವರನ್ನು ಬ್ಯಾಕ್‌ಸ್ಟೋರಿಯ ಮೊದಲ ಪ್ಯಾರಾದಲ್ಲೇ ಕೊಂದು ಮುಗಿಸುವ ಚಾಳಿ ಹಳೆಯದು. ಅಲ್ಲಿಗೆ ಪಾತ್ರಕ್ಕೆ ಯಾರ ಹಂಗೂ ಉಳಿಯುವುದಿಲ್ಲ. ಹಂಗಿಲ್ಲದವನು ತಪ್ಪು ಮಾಡಿದರೆ ಅದು ಬರೀ ಕೆಟ್ಟತನ. ನೋಡುವವರಿಗೆ ಸಂಶಯಪಡಲು, ಮರುಕಪಡಲು ಅಲ್ಲೇನೂ ಇಲ್ಲ.

ಸಂಶಯ ಹುಟ್ಟಬೇಕಾದರೆ ಅವನ ತಪ್ಪಿನಿಂದ ಯಾರದೋ ಹೊಟ್ಟೆ ತುಂಬುತ್ತಿರಬೇಕು, ಮತ್ತು ಹಾಗೆ ಉಣ್ಣುವವರ ಮುಖಪರಿಚಯ ನಮಗೆ ಇರಬೇಕು. ಆದ್ದರಿಂದ ಡ್ರೂಯಿಡ್ ಒಬ್ಬನನ್ನೇ ಕಟ್ಟಬೇಡಿ, ಮನೆ ಸಮೇತ ಕಟ್ಟಿ. ಕಾಸರಗೋಡಿನ ಕಡೆಯವರಾದ ನಮಗೆ ಇದರ ಸಾಮಗ್ರಿಗಾಗಿ ದೂರ ಹೋಗಬೇಕಿಲ್ಲ. ತರವಾಡು ಮನೆ (ಕುಟುಂಬದ ಮೂಲಮನೆ), ಬನ (ದೇವರ ಕಾಡು), ಸುರಂಗದ ನೀರು, ಗಡಿ ತಕರಾರು, ಒಂದೇ ಜಗಲಿಯಲ್ಲಿ ನಾಲ್ಕು ಭಾಷೆ, ಎಲ್ಲವೂ ಕೈಗೆಟಕುವಲ್ಲೇ ಉಂಟು.

ಕೆಳಗಿನ ಲೆಕ್ಕಗಳೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳಿಗೆ ಸರಿಯಾಗಿ ಇವೆ. 2024ರ ಪುಸ್ತಕ ಇಟ್ಟುಕೊಂಡು ಆಡುವವರಿಗೂ ಬಹುಪಾಲು ನಡೆಯುತ್ತದೆ. ಉದಾಹರಣೆಗೆ ಒಬ್ಬನನ್ನೇ ಹಿಡಿದು ಕೊನೆಯವರೆಗೆ ಹೋಗುತ್ತೇನೆ: ಹೆಸರು ದೂಮಪ್ಪ, ಮನೆ ನಡುಗುಡ್ಡೆ, ಲೋಕ ಪೂರ್ತಿ ಕಾಲ್ಪನಿಕ.

ಶೀಟ್ ತೆರೆಯುವ ಮೊದಲು

ಆಟಗಾರರು ಆರಿಸಿಕೊಳ್ಳಬಹುದಾದ ಕ್ಲಾಸ್ (ಪಾತ್ರದ ಬಗೆ) ಆಗಿ ಡ್ರೂಯಿಡ್ ಬಂದದ್ದು 1976ರಲ್ಲಿ. 1978ರ ಅಡ್ವಾನ್ಸ್‌ಡ್ ನಿಯಮಗಳ ಪ್ರಕಾರ ಡ್ರೂಯಿಡ್ ಆದವನು ಟ್ರೂ ನ್ಯೂಟ್ರಲ್, ಅಂದರೆ ಒಳಿತು-ಕೆಡುಕು, ಶಿಸ್ತು-ಸ್ವೇಚ್ಛೆ ಎರಡರಲ್ಲೂ ನಡುವಿನವನು, ಆಗಿರಲೇಬೇಕಿತ್ತು. 2000ದ ಮೂರನೇ ಆವೃತ್ತಿ ಅದನ್ನು ಸಡಿಲಿಸಿ, ಅಲೈನ್‌ಮೆಂಟಿನ ಎರಡು ಭಾಗಗಳಲ್ಲಿ ಒಂದಾದರೂ ನ್ಯೂಟ್ರಲ್ ಇದ್ದರೆ ಸಾಕೆಂದಿತು. ಐದನೇ ಆವೃತ್ತಿಯಲ್ಲಿ ಆ ಕಟ್ಟುಪಾಡೂ ಇಲ್ಲ. ಹಾಗಾಗಿ 'ನ್ಯೂಟ್ರಲ್' ಎಂದು ಬರೆದು ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ನನ್ನನ್ನು ಕೇಳಿದರೆ ಆ ಜಾಗವನ್ನು ಖಾಲಿ ಬಿಡಿ. ಮೂರ್ನಾಲ್ಕು ಸೆಷನ್ ಆದ ಮೇಲೆ ಉಳಿದ ಆಟಗಾರರೇ ತುಂಬಲಿ. ಅವರೊಳಗೆ ಒಮ್ಮತ ಬಾರದಿದ್ದರೆ ನಿಮ್ಮ ಕೆಲಸ ಸರಿಯಾಗಿ ಸಾಗುತ್ತಿದೆ ಎಂದೇ ಅರ್ಥ.

ಚರಿತ್ರೆಯ ಡ್ರೂಯಿಡರ ಬಗ್ಗೆಯೂ ಒಂದು ಮಾತು. ಗಾಲ್ ಯುದ್ಧದ ಬಗ್ಗೆ ಜೂಲಿಯಸ್ ಸೀಸರ್ ಬರೆದದ್ದರ ಆರನೇ ಭಾಗದಲ್ಲಿ ಅವರ ವರ್ಣನೆ ಬರುತ್ತದೆ. ಅಲ್ಲಿ ತೋಳ, ಗಿಡಮೂಲಿಕೆಗಳ ಸುದ್ದಿ ಇಲ್ಲ. ಆಸ್ತಿ ಯಾರಿಗೆ ಹೋಗಬೇಕು, ಗಡಿ ಎಲ್ಲಿ ಎಂಬ ತಕರಾರು ಬಂದರೆ ತೀರ್ಪು ಕೊಡುವವರು ಡ್ರೂಯಿಡರು ಎನ್ನುತ್ತಾನೆ. ತೀರ್ಪಿಗೆ ಬಗ್ಗದವನನ್ನು ಬಲಿಕಾರ್ಯಕ್ಕೆ ಸೇರಿಸುವುದಿಲ್ಲ, ಊರವರು ಅವನೊಡನೆ ಮಾತು ಬಿಡುತ್ತಾರೆ. ಡ್ರೂಯಿಡರಿಗೆ ಯುದ್ಧಕ್ಕೆ ಹೋಗುವ ಬಾಧ್ಯತೆಯಿಲ್ಲ, ತೆರಿಗೆಯಿಲ್ಲ. ವಿದ್ಯೆಯನ್ನು ಬರೆದಿಡದೆ ಬಾಯಿಪಾಠ ಮಾಡಿಸುತ್ತಾರೆ, ಕೆಲವರು 20 ವರ್ಷ ಕಲಿಯುತ್ತಾರೆ. ಸೀಸರ್ ಆ ನಾಡನ್ನು ಗೆಲ್ಲಲು ಹೋದವನು, ಅವನ ಮಾತನ್ನು ಅಕ್ಷರಶಃ ನಂಬಬೇಕೆಂದಿಲ್ಲ. ಆದರೆ ಪಾತ್ರ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಬಂಡವಾಳ ಸಿಗಲಿಕ್ಕಿಲ್ಲ. ಗಡಿ ತೀರ್ಮಾನ ಮಾಡುವ ಮನುಷ್ಯನಿಗೇ ಗಡಿಯ ಬದಿಯಲ್ಲಿ ತನ್ನವರದೊಂದು ಗದ್ದೆ ಇದ್ದರೆ?

ಹೆಜ್ಜೆ 1: ಅವನು ಕಾಯುವುದು ಏನನ್ನು?

'ಪ್ರಕೃತಿಯನ್ನು ಕಾಯುತ್ತಾನೆ' ಎಂದು ಬರೆದರೆ ಏನನ್ನೂ ಬರೆದ ಹಾಗಾಗಲಿಲ್ಲ. ಬೆರಳಿಟ್ಟು ತೋರಿಸಬಹುದಾದ ಒಂದೇ ಒಂದು ವಸ್ತು ಬೇಕು.

ದೂಮಪ್ಪನಿಗೆ ನಾನು ಕೊಟ್ಟದ್ದು ಸುರಂಗ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುವುದಾದರೆ, ನಮ್ಮಲ್ಲಿ ಮುರಕಲ್ಲಿನ ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದ ನೀರಿನ ದಾರಿ ಇದು. ಒಬ್ಬ ಮನುಷ್ಯ ಒಳಗೆ ನಿಂತು ಪಿಕಾಸಿ ಬೀಸುವಷ್ಟು ಎತ್ತರ, ಭುಜ ತಾಗುವಷ್ಟು ಇಕ್ಕಟ್ಟು. ಕೊರೆಯುವವನು ದೀಪ ಹಿಡಿದು ಹೋಗುತ್ತಾನೆ. ದೀಪ ಸಣ್ಣಗಾದರೆ ಒಳಗೆ ಗಾಳಿ ಸಾಲದೆಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು, ಅಡಿಕೆ ದಂಬೆಯ (ಸೀಳಿ ತೋಡಿದ ಅಡಿಕೆ ಮರದ) ಮೇಲೆ ಸಾಗಿ, ಕೆಳಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಹಗ್ಗ ಬೇಡ. ಬಡಿಯಡ್ಕ, ಪೆರ್ಲ, ಬಾಯಾರು ಕಡೆಯ ಎಷ್ಟೋ ತೋಟಗಳು ಇದರ ಮೇಲೆಯೇ ನಿಂತಿವೆ.

ಆಟಕ್ಕೆ ಇದು ಹೇಳಿಮಾಡಿಸಿದ್ದು. ಕತ್ತಲೆ ಉಂಟು, ಬಾವಲಿ ಉಂಟು, ಅಪಾಯ ಉಂಟು, ಮತ್ತು ಕೆಳಗೆ ಕೊಡ ಹಿಡಿದು ನಿಂತ ಊರು ಉಂಟು. ಈ ಕೊನೆಯದೇ ಮುಖ್ಯ. ಆರಿಸಿದ ವಸ್ತುವನ್ನು ಹೀಗೆ ಪರೀಕ್ಷೆ ಮಾಡಿ: ಪಾರ್ಟಿಯವರು (ಉಳಿದ ಆಟಗಾರರ ಪಾತ್ರಗಳ ತಂಡ) ಡ್ರೂಯಿಡನನ್ನು ಕೊಂದರೆ ಮರುದಿನ ಊರಿನಲ್ಲಿ ಯಾರಿಗೆ ತೊಂದರೆಯಾಗುತ್ತದೆ? ಯಾರಿಗೂ ಇಲ್ಲವೆಂದಾದರೆ ಬೇರೆ ವಸ್ತು ಹುಡುಕಿ. ಬನದೊಳಗಿನ ಔಷಧಿ ಗಿಡ, ಮಳೆಗಾಲದ ನೆರೆಯನ್ನು ತಡೆಯುವ ಕಟ್ಟ, ಊರಿಗೆಲ್ಲ ಜೇನು ಕೊಡುವ ಒಂದು ಮರ, ಯಾವುದಾದರೂ ಆದೀತು.

ಹೆಜ್ಜೆ 2: ಮನೆ

ಇಲ್ಲಿ ಅವಸರ ಮಾಡಬೇಡಿ. ಪಾತ್ರದ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಇರುವುದು.

ಮೊದಲು ಆಸ್ತಿ ಹೇಗೆ ಇಳಿಯುತ್ತದೆ ಎಂದು ಗೊತ್ತುಮಾಡಿ. ನಮ್ಮ ಕಡೆಯ ಹಲವು ಸಮುದಾಯಗಳಲ್ಲಿದ್ದ ಅಳಿಯಸಂತಾನದ ಕಟ್ಟು ಇದಕ್ಕೆ ಬಹಳ ಒಳ್ಳೆಯ ಮಾದರಿ. ಮನೆ ಹೆಣ್ಣಿನ ಸಂತತಿಯಲ್ಲಿ ಮುಂದುವರಿಯುತ್ತದೆ. ಯಜಮಾನಿಕೆ ನಡೆಸುವವನು ಸೋದರಮಾವ, ಅವನ ನಂತರ ಅಕ್ಕತಂಗಿಯರ ಮಕ್ಕಳು. ಅವನ ಸ್ವಂತ ಹೆಂಡತಿ ಮಕ್ಕಳು ಹೆಂಡತಿಯ ತರವಾಡಿಗೆ ಸೇರಿದವರು. ಕಾನೂನಿನ ಲೆಕ್ಕದಲ್ಲಿ 1975ರ ಕಾಯ್ದೆಯಿಂದ ಕೇರಳ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು, ನಿಜ. ಆದರೂ ತರವಾಡು ಮನೆ, ವರ್ಷಾವಧಿ ಕಾರ್ಯ, ಯಾರು ಮುಂದೆ ನಿಲ್ಲಬೇಕೆಂಬ ಚರ್ಚೆ ಇನ್ನೂ ಇದ್ದೇ ಇವೆ.

ಡ್ರೂಯಿಡನಿಗೆ ಇದರಿಂದ ಏನು ಲಾಭ? ಅವನು ಕಾಯುವ ಸುರಂಗ ಅಳಿಯನಿಗೆ ಹೋಗುತ್ತದೆ. ಅವನು ಮುದ್ದಿಸುವ ಮಗನಿಗೆ ಏನೂ ಇಲ್ಲ. ಕರ್ತವ್ಯ ಒಂದು ಮನೆಯಲ್ಲಿ, ಕರುಳು ಇನ್ನೊಂದು ಮನೆಯಲ್ಲಿ. ದುಷ್ಟ ದೇವತೆ, ಶಾಪ, ರಕ್ತದ ಒಪ್ಪಂದ ಯಾವುದೂ ಇಲ್ಲದೆ ಮನುಷ್ಯ ದಾರಿ ತಪ್ಪಲು ಇಷ್ಟು ಸಾಕು.

ಈಗ ಒಬ್ಬೊಬ್ಬರಿಗೂ ಮೂರೇ ಸಾಲು ಬರೆಯಿರಿ: ಏನು ಬೇಕು, ಏನು ಗೊತ್ತು, ಏನನ್ನು ಬಾಯಿಬಿಡುವುದಿಲ್ಲ. ನಾಲ್ಕನೇ ಸಾಲು ಬರೆದರೆ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಓದುವುದಿಲ್ಲ.

ಅಕ್ಕ ಉಮ್ಮಕ್ಕ. ಪತ್ತಾಯದ (ಭತ್ತದ ಕಣಜದ) ಬೀಗದಕೈ ಇವಳ ಸೊಂಟದಲ್ಲಿ. ಮನೆ ಒಡೆಯಬಾರದು ಎಂಬುದೊಂದೇ ಇವಳ ಆಸೆ. ತಮ್ಮ ಏನೋ ಮಾಡಿದ್ದಾನೆಂದು ಗೊತ್ತು, ಯಾಕೆಂದರೆ ಪತ್ತಾಯದ ಲೆಕ್ಕ ಇಡುವವಳು ಇವಳೇ. ಕೇಳುವುದಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ಹೆದರಿಕೆ.

ಅಳಿಯ ಕಾಂತು. ಮಾವನ ಹತ್ತಿರ ವಿದ್ಯೆ ಕಲಿಯುತ್ತಿದ್ದಾನೆ. ಬೇಗ ಯಜಮಾನನಾಗಬೇಕು. ಬೆಳೆ ಹೆಚ್ಚಿಸುವ ಮಂತ್ರಕ್ಕೆಂದು ಮಾವ ವರ್ಷಕ್ಕೊಮ್ಮೆ ಕೂರುವ ಜಾಗ ಮೊದಲಿನದ್ದಲ್ಲ ಎಂದು ಗಮನಿಸಿದ್ದಾನೆ. ಆ ಮಾತನ್ನು ತಕ್ಕ ಸಮಯಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದಾನೆ.

ಹೆಂಡತಿ ಸೀತು ಗುಡ್ಡದ ಪಡುವಣ ತಪ್ಪಲಲ್ಲಿ ತನ್ನ ಅಣ್ಣಂದಿರ ಮನೆಯಲ್ಲಿದ್ದಾಳೆ. ಮಗ ಬೂದನಿಗೆ ಒಂದು ತುಂಡು ಗದ್ದೆ ಸ್ವಂತಕ್ಕೆ ಆಗಬೇಕೆಂದು ಆಸೆ. ಮೂರು ವರ್ಷದಿಂದ ಆ ಬೋಳು ಗದ್ದೆ ಇಮ್ಮಡಿ ಬೆಳೆಯುತ್ತಿರುವುದು ತನ್ನ ದುಡಿಮೆಯಿಂದ ಎಂದೇ ಹೇಳುತ್ತಾಳೆ. ಅವಳು ಅದನ್ನು ನಿಜಕ್ಕೂ ನಂಬಿದ್ದಾಳೋ ಇಲ್ಲವೋ ಎಂಬುದನ್ನು ನಾನು ಡಿಎಂಗೇ ಬಿಡುತ್ತೇನೆ.

ಬೂದನಿಗೆ ಏನೂ ಗೊತ್ತಿಲ್ಲ. ಮನೆಯಲ್ಲಿ ಏನೂ ಗೊತ್ತಿಲ್ಲದವರು ಒಬ್ಬರಾದರೂ ಇರಬೇಕು, ಪಾರ್ಟಿ ಮೊದಲು ಮಾತಾಡಿಸುವುದು ಅವರನ್ನೇ.

ಇವರೆಲ್ಲ ಡ್ರೂಯಿಡನ ಜತೆ ಬಾಳುತ್ತಿರುವವರು ಎಂಬುದು ನಡೆನುಡಿಯಲ್ಲಿ ಕಾಣಬೇಕು. ಎರಡನೇ ಲೆವೆಲಿನಿಂದ ಡ್ರೂಯಿಡನಿಗೆ ವೈಲ್ಡ್ ಶೇಪ್ ಸಿಗುತ್ತದೆ, ಬೆಕ್ಕಿನಂಥ ಸಣ್ಣ ಪ್ರಾಣಿಯಾಗುವುದು ಆಗಲೇ ಸಾಧ್ಯ. ಐದನೇ ಲೆವೆಲಿನಲ್ಲಿ ಒಮ್ಮೆಗೆ ಎರಡು ಗಂಟೆ ಹಾಗೇ ಇರಬಹುದು. ಬೆಕ್ಕಾದವನು ಮಾತಾಡಲಾರ, ಸ್ಪೆಲ್ (ಮಂತ್ರ) ಹಾಕಲಾರ, ಆದರೆ ಬುದ್ಧಿ ಅವನದ್ದೇ, ಕಿವಿ ಬೆಕ್ಕಿನದ್ದು. ಆದ್ದರಿಂದ ನಡುಗುಡ್ಡೆ ಮನೆಯಲ್ಲಿ ಯಾರೂ ಬೆಕ್ಕಿನೆದುರು ದುಡ್ಡಿನ ಮಾತೆತ್ತುವುದಿಲ್ಲ. ಅಡುಗೆಮನೆಗೆ ಪರಿಚಯವಿಲ್ಲದ ಬೆಕ್ಕು ಬಂದರೆ ಉಮ್ಮಕ್ಕ ಒಂದು ತಟ್ಟೆಯಲ್ಲಿ ಅನ್ನ, ಇನ್ನೊಂದರಲ್ಲಿ ಮೀನಿನ ತಲೆ ಇಡುತ್ತಾಳೆ. ದೂಮಪ್ಪ ಮೀನು ಬಿಟ್ಟು ಎಷ್ಟೋ ವರ್ಷವಾಗಿದೆ. ಬೆಕ್ಕು ಅನ್ನದ ಕಡೆ ಹೋದರೆ ಅವಳು ಮಳೆಯ ಸುದ್ದಿ ಮಾತಾಡುತ್ತಾಳೆ. ಇಂಥದ್ದು ಒಂದೇ ಒಂದು ಪದ್ಧತಿ ಮನೆಯಲ್ಲಿಟ್ಟರೆ ಎರಡು ಪುಟದ ವಿವರಣೆ ಉಳಿಯುತ್ತದೆ.

ದಾಳದ ಲೆಕ್ಕದಲ್ಲೂ ಮನೆ ಕಾಣಬೇಕು. ಡ್ರೂಯಿಡ್ ಸುಳ್ಳು ಹೇಳಿದಾಗ ಅದನ್ನು ಗುರುತಿಸಲು ಊರವರು ಸಾಮಾನ್ಯ ಇನ್‌ಸೈಟ್ ಹಾಕಲಿ, ಅಕ್ಕನಿಗೆ ಮಾತ್ರ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಆರಿಸುವ ಅವಕಾಶ) ಕೊಡಿ. ಎತ್ತಿ ಆಡಿಸಿದವಳು ಅವಳು.

ಇನ್ನು ಡ್ರೂಯಿಡಿಕ್ ಎಂಬ ಗುಟ್ಟುಭಾಷೆ. ಮಾವ ಅಳಿಯನ ನಡುವೆ ಇದೇ ಸೇತುವೆ, ಇದೇ ಬೇಲಿ, ಮನೆಯ ಉಳಿದವರಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಬೆರೆತ ಊರಿನವರಿಗೆ ಆಡಿ ತೋರಿಸುವುದು ಸುಲಭ. ನಿಮಗೂ ಡಿಎಂಗೂ ಬರುವ, ಟೇಬಲಿನ ಉಳಿದವರಿಗೆ ಬಾರದ ಭಾಷೆ ಯಾವುದೆಂದು ಹುಡುಕಿ. ತುಳು ಬೇಡ, ಎಲ್ಲರಿಗೂ ತಿಳಿದುಬಿಡುತ್ತದೆ.

ಹೆಜ್ಜೆ 3: ತಪ್ಪನ್ನು ಸ್ಪೆಲ್ ಪಟ್ಟಿಯಿಂದಲೇ ಆರಿಸಿ

ಮೊದಲು ಒಂದು ಎಚ್ಚರಿಕೆ. ಒಂದನೇ ಲೆವೆಲಿನ ಡ್ರೂಯಿಡ್ "ಹಿಂದೆ ಇಡೀ ಕಾಡನ್ನೇ ಎಬ್ಬಿಸಿದ್ದೆ" ಎಂದು ಬರೆದುಕೊಂಡು ಬಂದರೆ ಶೀಟೂ ಕತೆಯೂ ಹೊಂದುವುದಿಲ್ಲ. ನಿಮ್ಮ ಟೇಬಲ್ ಒಂದನೇ ಲೆವೆಲಿನಿಂದ ಶುರುವಾಗುವುದಾದರೆ ನೀವು ಅಳಿಯ ಕಾಂತು ಆಗಿ, ದೂಮಪ್ಪನನ್ನು ಡಿಎಂಗೆ ಕೊಡಿ. ಐದರಿಂದ ಶುರುವಾಗುವುದಾದರೆ ದೂಮಪ್ಪನೇ ಆಗಬಹುದು.

ಐದನೇ ಲೆವೆಲ್ ಯಾಕೆ? ಅಲ್ಲಿ ಪ್ಲಾಂಟ್ ಗ್ರೋತ್ ಎಂಬ ಸ್ಪೆಲ್ ಸಿಗುತ್ತದೆ. ಹೊಡೆದಾಟದಲ್ಲಿ ಪೊದೆ ಬೆಳೆಸಲು ಮಾತ್ರ ಇದನ್ನು ಬಳಸುವವರೇ ಜಾಸ್ತಿ. ಇದರ ಎರಡನೇ ಉಪಯೋಗ ಓದಿ ನೋಡಿ: ಎಂಟು ಗಂಟೆ ಕೂತು ಮಾಡಿದರೆ ಒಂದು ಬಿಂದುವಿನಿಂದ ಸುತ್ತಲೂ ಅರ್ಧ ಮೈಲಿಯೊಳಗಿನ ಗಿಡಗಳೆಲ್ಲ ಒಂದು ವರ್ಷ ಇಮ್ಮಡಿ ಆಹಾರ ಕೊಡುತ್ತವೆ. (ಅಡಿಕೆ ಆಹಾರವೋ ಅಲ್ಲವೋ ಎಂದು ಡಿಎಂ ಜತೆ ವಾದಕ್ಕಿಳಿಯಬೇಡಿ. ಭತ್ತ, ತೆಂಗು, ಹಲಸು ಎಂದಿಟ್ಟುಕೊಳ್ಳಿ.)

ಸಂಶಯಕ್ಕೆ ಬೇಕಾದದ್ದೆಲ್ಲ ಆ ಒಂದು ವಾಕ್ಯದಲ್ಲೇ ಉಂಟು. ವೃತ್ತಕ್ಕೆ ಅಂಚು ಉಂಟು. ಅಂಚಿನ ಒಳಗಿದ್ದವನಿಗೆ ಇಮ್ಮಡಿ, ಒಂದು ಮಾರು ಆಚೆ ಇದ್ದವನಿಗೆ ಎಂದಿನಷ್ಟೇ. ನೆಲದ ಮೇಲೆ ಗೆರೆ ಕಾಣುವುದಿಲ್ಲ. ಬಿಂದು ಎಲ್ಲಿ ಎಂದು ಗೊತ್ತಿರುವುದು ಕೂತವನಿಗೆ ಮಾತ್ರ. ಗೆರೆ ಯಾವ ಕಡೆ ಬಿತ್ತೆಂಬುದರ ಮೇಲೆ ಬದುಕು ಹೇಗೆ ತಿರುಗುತ್ತದೆ ಎಂದು ಕಾಸರಗೋಡಿನವರಿಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರ ಗೆರೆಯ ಬಗ್ಗೆಯೂ, ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿಯ ಬಗ್ಗೆಯೂ ಇಲ್ಲಿನ ಚಾದಂಗಡಿಗಳಲ್ಲಿ ಇನ್ನೂ ಮಾತು ನಿಂತಿಲ್ಲ.

ದೂಮಪ್ಪನ ತಪ್ಪು ಇಷ್ಟೇ. ತಲೆತಲಾಂತರದಿಂದ ನಡುಗುಡ್ಡೆಯ ಯಜಮಾನ ಕೂರುತ್ತಿದ್ದದ್ದು ಬನದ ಬಾಗಿಲ ಕಲ್ಲಿನ ಹತ್ತಿರ. ಮೂರು ವರ್ಷದ ಹಿಂದೆ ಅವನು ಅಲ್ಲಿಂದ ಇನ್ನೂರು ಹೆಜ್ಜೆ ಪಡುವಣಕ್ಕೆ ಸರಿದು ಕೂತ. ಸೀತುವಿನ ಗದ್ದೆ ವೃತ್ತದೊಳಗೆ ಬಂತು. ಮೂಡಣದ ಅಂಚಿನಲ್ಲಿದ್ದ ಮೂರು ಮನೆಗಳ ಗದ್ದೆ ಹೊರಗೆ ಬಿತ್ತು. ಯಾರಿಂದಲೂ ಏನನ್ನೂ ಕದ್ದಿಲ್ಲ, ಯಾರಿಗೂ ವಿಷ ಹಾಕಿಲ್ಲ. ಮೂಡಣದವರು ಮಣ್ಣು ಕೆಟ್ಟಿತೆಂದುಕೊಂಡರು. ಆಮೇಲೆ ಪಕ್ಕದವನು ಬದು ಒತ್ತಿದ್ದರಿಂದ ಹೀಗಾಯಿತೆಂದು ಒಬ್ಬರ ಮೇಲೊಬ್ಬರು ಬಿದ್ದರು. ತಕರಾರು ತೀರ್ಮಾನಕ್ಕೆ ಬಂದದ್ದು ಯಾರ ಹತ್ತಿರ? ದೂಮಪ್ಪನ ಹತ್ತಿರ. ಅವನು ತೀರ್ಪೂ ಕೊಟ್ಟ.

ತಪ್ಪು ಹೀಗೆ ಸಣ್ಣದಾಗಿರಲಿ, ಅದನ್ನು ಮುಚ್ಚಲು ಹೋದದ್ದು ದೊಡ್ಡದಾಗಿರಲಿ.

ಗುಡ್‌ಬೆರಿಯ ಲೆಕ್ಕವನ್ನೂ ಹಾಕಿಡಿ. ಈ ಸ್ಪೆಲ್ ಹಾಕಿದರೆ ಒಂದು ಸಲಕ್ಕೆ ಹತ್ತು ಹಣ್ಣು, ಒಂದೊಂದೂ ಒಬ್ಬರ ಒಂದು ದಿನದ ಊಟ, 24 ಗಂಟೆಯೊಳಗೆ ತಿನ್ನಬೇಕು. ಐದನೇ ಲೆವೆಲಿನ ಡ್ರೂಯಿಡನಿಗೆ ಒಟ್ಟು ಒಂಬತ್ತು ಸ್ಲಾಟ್, ಅಂದರೆ ದಿನಕ್ಕೆ ಒಂಬತ್ತು ಸಲ ಸ್ಪೆಲ್ ಹಾಕುವ ಶಕ್ತಿ. ಬೇರೇನನ್ನೂ ಮಾಡದೆ ಎಲ್ಲವನ್ನೂ ಇದಕ್ಕೇ ಸುರಿದರೂ ದಿನಕ್ಕೆ 90 ಬಾಯಿ. ಊರಿನಲ್ಲಿ 110 ಜನ ಎಂದು ಡಿಎಂ ಹತ್ತಿರ ಬರೆಸಿಕೊಳ್ಳಿ. ಬರಗಾಲ ಬಂದಾಗ ಹೊರಗುಳಿಯುವ ಇಪ್ಪತ್ತು ಜನ ಯಾರೆಂದು ಪಟ್ಟಿ ಮಾಡುವವರು ಯಾರು? ಉಮ್ಮಕ್ಕನೇ ಎಂದು ನನ್ನ ಅಂದಾಜು. ಸ್ಪೆಲಿಗೆ ಬೇಕಾಗುವ ಮಿಸಲ್‌ಟೋ ಚಿಗುರಿನ ಬದಲು ಮಾವಿನ ಮರದ ಬಂದಣಿಕೆ ಸಾಕೆಂದರೆ ಯಾವ ಡಿಎಂ ಕೂಡ ತಕರಾರು ಮಾಡಲಿಕ್ಕಿಲ್ಲ.

ಸರ್ಕಲ್ (ಡ್ರೂಯಿಡನ ಒಳಪಂಗಡ) ಆಯ್ಕೆಯಲ್ಲಿ ನನ್ನದೊಂದು ಹಟ ಉಂಟು. ಸಂಶಯಾಸ್ಪದ ಡ್ರೂಯಿಡ್ ಎಂದ ಕೂಡಲೇ ಎಲ್ಲರೂ ಓಡುವುದು 2018ರಲ್ಲಿ ಬಂದ ಸರ್ಕಲ್ ಆಫ್ ಸ್ಪೋರ್ಸ್ ಕಡೆಗೆ. ಅಣಬೆ, ಕೊಳೆತ, ಎದ್ದು ನಡೆಯುವ ಹೆಣ. ನೋಡಿದ ತಕ್ಷಣ ಇವನು ಸರಿಯಿಲ್ಲ ಎಂದು ಗೊತ್ತಾಗಿಬಿಟ್ಟರೆ ಸಂಶಯಕ್ಕೆ ಜಾಗವೆಲ್ಲಿ? ಸರ್ಕಲ್ ಆಫ್ ದಿ ಲ್ಯಾಂಡ್ ತೆಗೆದುಕೊಳ್ಳಿ. ಸಪ್ಪೆ ಅನ್ನಿಸಬಹುದು. ಊರ ಹಿರಿಯನೆಂಬ ಮುಖಕ್ಕೆ ಸಪ್ಪೆಯೇ ಒಪ್ಪುತ್ತದೆ.

ಹೆಜ್ಜೆ 4: ಅವನು ಮಾಡದೇ ಇರುವ ಒಂದು ಕೆಲಸ

ಒಂದು ಸಾಕು. ದೂಮಪ್ಪ ಕುಡಿಯುವ ನೀರನ್ನು ಯಾರಿಗೂ ಇಲ್ಲವೆನ್ನುವುದಿಲ್ಲ, ಕೊಲ್ಲಲು ಬಂದವನಿಗೂ ಮೊದಲು ಒಂದು ಚೊಂಬು ನೀರು. ಇದನ್ನು ಮೊದಲ ಸೆಷನ್ನಿನಲ್ಲೇ ಎಲ್ಲರೆದುರು ತೋರಿಸಿ, ಆಮೇಲೆ ಎಂದೂ ಮುರಿಯಬೇಡಿ. ಮುರಿಯಲೇಬೇಕಾದ ಪ್ರಸಂಗ ತರುವುದು ಡಿಎಂ ಕೆಲಸ.

ಹೆಜ್ಜೆ 5: ಆಟಕ್ಕೆ ಮೊದಲು ಟೇಬಲಿನಲ್ಲಿ ಮಾತಾಡಿ

ಸೆಷನ್ ಝೀರೋವನ್ನು ಬಿಡಬೇಡಿ. ಇಂಥ ಪಾತ್ರ ತರುವವರು ಬಾಯಿಬಿಟ್ಟು ಹೇಳಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ಪಾತ್ರದ ಕಪಟ ಲೋಕದ ಕಡೆಗೆ ತಿರುಗಿರಬೇಕು, ಜತೆಗಾರರ ಕಡೆಗಲ್ಲ. ಚಾರ್ಮ್ ಪರ್ಸನ್ ಡ್ರೂಯಿಡನ ಪಟ್ಟಿಯಲ್ಲೂ ಇದೆ. ಅದನ್ನು ಪಾರ್ಟಿಯವರ ಮೇಲೆ ಹಾಕಿ "ನನ್ನ ಕ್ಯಾರೆಕ್ಟರೇ ಹಾಗೆ, ನಾನೇನು ಮಾಡ್ಲಿ" ಎನ್ನುವವರನ್ನು ನಾನು ಎರಡನೇ ಸಲ ಕರೆಯುವುದಿಲ್ಲ. ಗುಟ್ಟು ಡಿಎಂಗೆ ಪೂರ್ತಿ ಗೊತ್ತಿರಲಿ, ಇನ್ನೊಬ್ಬ ಆಟಗಾರನಿಗೆ ಅರ್ಧ. ಯಾರಿಗೂ ಗೊತ್ತಿಲ್ಲದ ಗುಟ್ಟು ಆಟದಲ್ಲಿ ಇಲ್ಲದ ಹಾಗೆಯೇ.

ಎರಡನೆಯದು ನಮ್ಮ ಊರಿನದ್ದು. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆಯಂಥ ಗ್ರಾಮಗಳಲ್ಲಿ ಅದರ ಪಾಡನ್ನು ಮನೆಮನೆಗಳು ಇನ್ನೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ನಿಷೇಧಿಸಿದ್ದು 2011ರಲ್ಲಿ. ನೆಲಕ್ಕೆ ವಿಷ ಹಾಕಿದವರ ಮೇಲೆ ಸೇಡು ತೀರಿಸುವ ಡ್ರೂಯಿಡ್ ಇಲ್ಲಿ ಯಾರ ತಲೆಗೂ ಬರುವ ಕಲ್ಪನೆ, ಆ ಸಿಟ್ಟು ಸುಳ್ಳೂ ಅಲ್ಲ. ಸಿಟ್ಟನ್ನು ತನ್ನಿ, ಕಾಯಿಲೆಬಿದ್ದ ಮಕ್ಕಳನ್ನು ಕತೆಯ ಅಲಂಕಾರಕ್ಕೆ ತರಬೇಡಿ. ಪಕ್ಕದ ಕುರ್ಚಿಯವನ ಮನೆಯಲ್ಲೇ ಅಂಥವರು ಇರಬಹುದು. ಬ್ಲೈಟ್, ಕಂಟೇಜನ್ ಇಂಥ ಬಾಡಿಸುವ, ರೋಗ ಹಚ್ಚುವ ಸ್ಪೆಲ್ ಬಳಸುವ ಮೊದಲು ಕೇಳಿಕೊಳ್ಳಿ. ಟೇಬಲಿನ ನಡುವೆ ಎಕ್ಸ್ ಕಾರ್ಡ್ ಇಡಿ: ಯಾರು ಮುಟ್ಟಿದರೂ ಆ ದೃಶ್ಯ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳುವಂತಿಲ್ಲ.

ಇನ್ನು ದೈವಗಳ ವಿಷಯ. ಬನದ ಕಟ್ಟು, ಯಜಮಾನಿಕೆಯ ಮರ್ಯಾದೆ, ತಪ್ಪುಕಾಣಿಕೆಯ ಕ್ರಮ ಇವನ್ನೆಲ್ಲ ಧಾರಾಳವಾಗಿ ಎರವಲು ಪಡೆಯಿರಿ. ಪಂಜುರ್ಲಿ, ಗುಳಿಗ ಎಂದು ಹೆಸರಿಟ್ಟು ಹಿಟ್ ಪಾಯಿಂಟ್ ಬರೆಯುವುದು ಮಾತ್ರ ಬೇಡ. ಭಕ್ತಿಯ ಮಾತು ಒತ್ತಟ್ಟಿಗಿರಲಿ, ಆಟವೂ ಕೆಡುತ್ತದೆ: ನಿಜವಾದ ಹೆಸರು ಬಂದ ಕೂಡಲೇ ಅರ್ಧ ಟೇಬಲ್ ಪಾತ್ರದಿಂದ ಹೊರಬಂದು ನೆಟ್ಟಗೆ ಕೂತುಬಿಡುತ್ತದೆ.

ಹೆಜ್ಜೆ 6: ಮೊದಲ ದೃಶ್ಯ

ಬ್ಯಾಕ್‌ಸ್ಟೋರಿಯನ್ನು ಓದಿ ಹೇಳಬೇಡಿ. ಪಾರ್ಟಿಯನ್ನು ನೇರ ಒಂದು ತಕರಾರಿನ ನಡುವೆ ಇಳಿಸಿ. ನಮ್ಮ ಟೇಬಲಿನಲ್ಲಿ ಅದು ಹೀಗೆ ನಡೆಯಿತು. ಜಗಲಿಯಲ್ಲಿ ದೂಮಪ್ಪ, ಅಂಗಳದಲ್ಲಿ ಮೂಡಣದ ಇಬ್ಬರು ಗದ್ದೆಯವರು, ಮೂಲೆಯಲ್ಲಿ ದಾರಿಹೋಕರಾಗಿ ಬಂದ ಪಾರ್ಟಿ.

"ಬದು ಒಂದು ಗೇಣು ಈಚೆ ಬಂದದ್ದು ಹೌದಾ ಅಲ್ವಾ, ನೀವೇ ನೋಡಿ ಹೇಳಿ ಧಣಿ."

"ನೋಡಿದ್ದೇನೆ. ಬದು ಬಂದಿಲ್ಲ."

"ಹಾಗಾದರೆ ಪೈರು ಯಾಕೆ ಅರ್ಧಕ್ಕೆ ಇಳೀತು?"

ಇಲ್ಲಿ ಪ್ಯಾಲಡಿನ್ ಆಡುವವನು ಇನ್‌ಸೈಟ್ ಹಾಕುತ್ತೇನೆಂದ. ಹದಿನೆಂಟು ಬಿತ್ತು. ಡಿಎಂ ಹೇಳಿದ್ದು ಇಷ್ಟೇ: "ಬದುವಿನ ಬಗ್ಗೆ ಅವನು ಹೇಳಿದ್ದು ಸತ್ಯ." ಪ್ಯಾಲಡಿನ್ ಸಮಾಧಾನದಿಂದ ಕೂತ. ಅಷ್ಟರಲ್ಲಿ ಒಳಗಿಂದ ಉಮ್ಮಕ್ಕ ಬಂದು, ಯಾರೂ ಕೇಳದೆ, ಗದ್ದೆಯವರಿಬ್ಬರ ಮುಂದೆ ಎರಡೆರಡು ಸೇರು ಭತ್ತ ಅಳೆದಿಟ್ಟು ಹೋದಳು. ಆಗ ರೋಗ್ ಆಡುವವಳು ತಲೆಯೆತ್ತಿ "ತಪ್ಪಿಲ್ಲದ ಮೇಲೆ ಭತ್ತ ಯಾಕೆ?" ಎಂದಳು.

ಕತೆ ಶುರುವಾದದ್ದು ಆ ಪ್ರಶ್ನೆಯಿಂದ. ಗಮನಿಸಿ, ಡ್ರೂಯಿಡ್ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಸತ್ಯ ಹೇಳುವ ಅಭ್ಯಾಸ ಇಂಥ ಪಾತ್ರಕ್ಕೆ ಬಹಳ ಬೇಕು. ಇನ್‌ಸೈಟಿನಲ್ಲಿ ಎಷ್ಟೇ ಬಿದ್ದರೂ ಸಿಕ್ಕಿಬೀಳುವುದಿಲ್ಲ. ಹಿಡಿದುಕೊಡುವವರು ಮನೆಯವರು, ಅದೂ ಒಳ್ಳೆಯ ಮನಸ್ಸಿನಿಂದ.

ಹೆಜ್ಜೆ 7: ಲೆವೆಲ್ ಏರಿದಂತೆ ಆಮಿಷವೂ ಏರಲಿ

ಏಳನೇ ಲೆವೆಲಿನಲ್ಲಿ ಸ್ಟೋನ್ ಶೇಪ್ ಕೈಗೆ ಬರುತ್ತದೆ. ಯಾವ ದಿಕ್ಕಿನಲ್ಲೂ ಐದು ಅಡಿ ಮೀರದ ಕಲ್ಲನ್ನು ಬೇಕಾದ ಆಕಾರಕ್ಕೆ ತರಬಹುದು. ಸುರಂಗದ ಅಗಲ ಅದರ ಅರ್ಧದಷ್ಟೂ ಇರುವುದಿಲ್ಲ. ಅಂದರೆ ಯಾರದೋ ಸುರಂಗವನ್ನು ಒಂದೇ ಸಲಕ್ಕೆ, ಸದ್ದಿಲ್ಲದೆ, ಗುದ್ದಲಿಯ ಗುರುತಿಲ್ಲದೆ ಮುಚ್ಚಬಹುದು. ಕುಸಿಯುತ್ತಿರುವ ಸುರಂಗದಲ್ಲಿ ಸಿಕ್ಕಿಬಿದ್ದವನನ್ನು ಅದೇ ಸ್ಪೆಲಿನಿಂದ ಉಳಿಸಲೂಬಹುದು. ಎರಡಕ್ಕೂ ಸಂದರ್ಭ ಒದಗಿಸಲು ಡಿಎಂಗೆ ಮೊದಲೇ ಹೇಳಿಡಿ, ಸ್ಲಾಟ್ ಒಂದೇ ಇರುವ ದಿನ.

ಒಂಬತ್ತನೇ ಲೆವೆಲಿನಲ್ಲಿ ಅವೇಕನ್. ಸಾವಿರ ಚಿನ್ನದ ನಾಣ್ಯದ ಅಗೇಟ್ ಕಲ್ಲು, ಎಂಟು ಗಂಟೆ ಕೆಲಸ. ಅದರಿಂದ ಒಂದು ಮರಕ್ಕೆ ಮನುಷ್ಯನಷ್ಟು ಬುದ್ಧಿ ಬರುತ್ತದೆ, ಡ್ರೂಯಿಡನಿಗೆ ಗೊತ್ತಿರುವ ಒಂದು ಭಾಷೆಯೂ ಬರುತ್ತದೆ. ಬನದ ಬಾಗಿಲ ಹಲಸಿನ ಮರವನ್ನು ಕಾವಲಿಗೆಂದು ದೂಮಪ್ಪ ಎಬ್ಬಿಸಿದನೆನ್ನಿ. ಅವನು ಜಾಗ ಬದಲಿಸಿದ್ದನ್ನು ಕಂಡ ಸಾಕ್ಷಿಯೂ ಅದೇ. ಅದಕ್ಕೆ ಯಾವ ಭಾಷೆ ಬಂತೆಂದು ಡಿಎಂ ಜತೆ ಗೊತ್ತುಮಾಡಿ. ಡ್ರೂಯಿಡಿಕ್ ಆದರೆ ಅದರ ಮಾತು ತಿಳಿಯುವವನು ಊರಿನಲ್ಲಿ ಇನ್ನೊಬ್ಬನೇ, ಕಾಂತು. ಮರ ಡ್ರೂಯಿಡನಿಗೆ ವಶವಾಗಿರುವುದು 30 ದಿನ, ಅಷ್ಟರೊಳಗೆ ಅವನ ಕಡೆಯವರು ನೋಯಿಸಿದರೆ ಅಷ್ಟೂ ಇಲ್ಲ. ಆಮೇಲೆ ಸ್ನೇಹದಲ್ಲಿರಬೇಕೋ ಬೇಡವೋ ಎಂಬುದು ಮರದ ಇಷ್ಟ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅದೇ ಲೆವೆಲಿನಲ್ಲಿ ರೀಇನ್‌ಕಾರ್ನೇಟ್ ಕೂಡ ಇದೆ: ಸತ್ತು ಹತ್ತು ದಿನದೊಳಗಿನವರನ್ನು ಹೊಸ ದೇಹದಲ್ಲಿ ತರಬಹುದು, ಯಾವ ಜನಾಂಗವೆಂದು ದಾಳ ಹೇಳುತ್ತದೆ. ಹೆಣ್ಣಿನ ಸಂತತಿಯಲ್ಲಿ ನಡೆಯುವ ಮನೆಯಲ್ಲಿ ಇದ್ದೊಬ್ಬಳು ಸೊಸೆ (ಅಕ್ಕನ ಮಗಳು) ತೀರಿಕೊಂಡು ಡ್ವಾರ್ಫ್ ಆಗಿ ಎದ್ದುಬಂದರೆ ತರವಾಡು ಅವಳನ್ನು ಒಳಗೆ ಕರೆಯುತ್ತದೆಯೇ? ನಾನು ಇನ್ನೂ ಆಡಿಸಿ ನೋಡಿಲ್ಲ, ಆಸೆ ಇದೆ.

ಕೊನೆಗೆ ಅಧಿಕಾರ ಕೈಬದಲಾಗುವ ಕ್ರಮ. 1978ರ ನಿಯಮಗಳಲ್ಲಿ ಮೇಲಿನ ಹಂತದ ಡ್ರೂಯಿಡರ ಸಂಖ್ಯೆಗೆ ಮಿತಿ ಇತ್ತು: ಹನ್ನೆರಡನೇ ಲೆವೆಲಿನವರು ಒಂಬತ್ತೇ ಜನ, ಆರ್ಚ್‌ಡ್ರೂಯಿಡ್ ಮೂವರು, ಗ್ರೇಟ್ ಡ್ರೂಯಿಡ್ ಒಬ್ಬ. ಮೇಲಿನ ಜಾಗ ಖಾಲಿ ಇಲ್ಲದಿದ್ದರೆ ಅಲ್ಲಿದ್ದವನನ್ನು ಸೋಲಿಸಿಯೇ ಏರಬೇಕು. ಹೊಸ ಆವೃತ್ತಿಗಳು ಇದನ್ನು ಕೈಬಿಟ್ಟವು. ನೀವು ಮನೆಯ ಮಟ್ಟಕ್ಕೆ ಇಳಿಸಿಕೊಳ್ಳಿ: ಮಾವ ಸೋಲೊಪ್ಪುವವರೆಗೆ ಅಳಿಯ ಕಲ್ಲಿನ ಮೇಲೆ ಕೂರುವಂತಿಲ್ಲ. ಕಾಂತುವಿನ ಶೀಟನ್ನು ಮೊದಲೇ ತಯಾರಿಟ್ಟುಕೊಂಡು ಪಾರ್ಟಿಯ ಲೆವೆಲಿಗೆ ಸಮನಾಗಿ ಏರಿಸುತ್ತಾ ಬನ್ನಿ. ದೂಮಪ್ಪ ಸತ್ತರೂ, ಸೋತರೂ, ಎಲ್ಲ ಒಪ್ಪಿಕೊಂಡು ಪಡುವಣದ ಮನೆಗೆ ನಡೆದರೂ ಆ ಸೆಷನ್ನಿನಲ್ಲೇ ಶೀಟ್ ಬದಲಿಸಿ ಆಟ ಮುಂದುವರಿಸಬಹುದು. ಕಾಂತುವಿನ ಶೀಟಿನಲ್ಲಿ ಪ್ಲಾಂಟ್ ಗ್ರೋತ್ ಇರಲಿ. ಮೂಡಣದ ಮೂರು ಮನೆಗಳಿಗೆ ಮೂರು ವರ್ಷದ ಬಾಕಿ ಎಷ್ಟೆಂದು ಅದರ ಕೆಳಗೇ ಬರೆದಿಡಿ, ಉಮ್ಮಕ್ಕ ಅಳೆದುಕೊಟ್ಟ ಭತ್ತವನ್ನು ಕಳೆದು.